ಮದುವೆಯ ಫೋಟೊಗಳಿಗೆ ಪ್ರೈಮ್ ಲೆನ್ಸೋ, ಝೂಮ್ ಲೆನ್ಸೋ? ಪದೇ ಪದೇ ಕೇಳುವ ಪ್ರಶ್ನೆಗಳು

ಮದುವೆಯ ಕೆಲಸಕ್ಕೆ ಇಳಿದವರಿಗೆ ಕ್ಯಾಮೆರಾ ಕೊಂಡ ನಂತರ ಎದುರಾಗುವ ದೊಡ್ಡ ಖರ್ಚು ಲೆನ್ಸಿನದು. ಕ್ಯಾಮೆರಾ ಕೆಲವು ವರ್ಷಗಳಲ್ಲಿ ಹಳತಾಗುತ್ತದೆ; ಒಳ್ಳೆಯ ಲೆನ್ಸ್ ಎರಡು ಮೂರು ಕ್ಯಾಮೆರಾಗಳ ಕಾಲ ಬಾಳುತ್ತದೆ. ಹಾಗಾಗಿ ಕೊಳ್ಳುವ ಮುಂಚೆ ಸಾಕಷ್ಟು ವಿಚಾರಿಸುವುದೇ ಸರಿ. ಇಲ್ಲಿನ ಉತ್ತರಗಳು ನಮ್ಮ ಕಲ್ಯಾಣ ಮಂಟಪ, ಛತ್ರ, ಮನೆಯಂಗಳದ ಚಪ್ಪರಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಹೊರದೇಶದವರ ಸಲಹೆಗಳಲ್ಲಿ ಅತಿಥಿಗಳು ಸಾಲಾಗಿ ಕುಳಿತಿರುತ್ತಾರೆ, ಛಾಯಾಗ್ರಾಹಕನಿಗೆ ಓಡಾಡಲು ನಡುದಾರಿ ಇರುತ್ತದೆ. ನಮ್ಮಲ್ಲಿ ತಾಳಿ ಕಟ್ಟುವ ಹೊತ್ತಿಗೆ ಅರ್ಧ ಬಂಧುಬಳಗ ವೇದಿಕೆಯ ಮೇಲೆಯೇ ಇರುತ್ತದೆ.

ಪ್ರೈಮ್ ಎಂದರೇನು, ಝೂಮ್ ಎಂದರೇನು?

ನಾಭಿದೂರ (ಫೋಕಲ್ ಲೆಂತ್) ಎಂದರೆ ಲೆನ್ಸಿನ ನೋಟ ಎಷ್ಟು ಅಗಲ ಎಂದು ಹೇಳುವ ಸಂಖ್ಯೆ: ಚಿಕ್ಕದಾದರೆ ಅಗಲ ನೋಟ, ದೊಡ್ಡದಾದರೆ ದೂರದ್ದು ಹತ್ತಿರ ಕಾಣುತ್ತದೆ. ಒಂದೇ ನಾಭಿದೂರ ಇರುವುದು ಪ್ರೈಮ್: 35 ಮಿ.ಮೀ., 50 ಮಿ.ಮೀ., 85 ಮಿ.ಮೀ. ಹೀಗೆ. ಉಂಗುರ ತಿರುಗಿಸಿ ನಾಭಿದೂರ ಬದಲಿಸಬಹುದಾದದ್ದು ಝೂಮ್: 24-70, 70-200. ಪ್ರೈಮ್ ಹೆಚ್ಚು ಬೆಳಕನ್ನು ಒಳಗೆ ಬಿಡುತ್ತದೆ, ಹಗುರವಾಗಿರುತ್ತದೆ. ಝೂಮ್ ನಿಂತ ಜಾಗದಿಂದಲೇ ದೂರವನ್ನೂ ಹತ್ತಿರವನ್ನೂ ಹಿಡಿಯುತ್ತದೆ.

ಹಾಗಾದರೆ ಮದುವೆಗೆ ಯಾವುದು ಉತ್ತಮ?

ಲೆನ್ಸನ್ನು ನೋಡುವ ಮೊದಲು ನಿಮ್ಮ ಕಾಲ ಕೆಳಗಿನ ಜಾಗವನ್ನು ನೋಡಿ. ನೀವು ಮುಂದೆ, ಹಿಂದೆ, ಪಕ್ಕಕ್ಕೆ ಸರಿಯಬಹುದಾದಲ್ಲಿ ಪ್ರೈಮ್. ಕಾಲು ಕದಲಿಸಲಾಗದೆ ಸಿಕ್ಕಿಬಿದ್ದಲ್ಲಿ ಝೂಮ್. ಒಂದೇ ಮದುವೆಯಲ್ಲಿ ಎರಡೂ ಬಗೆಯ ಗಳಿಗೆಗಳು ಬರುತ್ತವೆ. ಆದ್ದರಿಂದ ‘ನಾನು ಪ್ರೈಮ್ ಮಾತ್ರ ಬಳಸುತ್ತೇನೆ’ ಎಂಬ ಹಟವೂ ‘ಝೂಮ್ ಒಂದಿದ್ದರೆ ಸಾಕು’ ಎಂಬ ನಂಬಿಕೆಯೂ ಮದುವೆಯ ಮನೆಯಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಆದರೂ ಒಂದನ್ನೇ ಆರಿಸಬೇಕೆಂದು ಪಟ್ಟು ಹಿಡಿದರೆ ನನ್ನ ಉತ್ತರ 24-70 ಎಫ್/2.8. (ಎಫ್ ಸಂಖ್ಯೆ ಎಂದರೆ ಬೆಳಕು ಬಿಡುವ ಕಂಡಿ, ಅಂದರೆ ಅಪರ್ಚರ್, ಎಷ್ಟು ತೆರೆದಿದೆ ಎಂಬ ಅಳತೆ; ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಹೆಚ್ಚು.) ಕಾರಣ ಮುಂದಿನ ಪ್ರಶ್ನೆಯಲ್ಲಿದೆ.

ಮುಹೂರ್ತದ ಹೊತ್ತಿಗೆ ಕೈಯಲ್ಲಿ ಯಾವ ಲೆನ್ಸ್ ಇರಬೇಕು?

ಝೂಮ್. ಇದರಲ್ಲಿ ನನಗೆ ಎರಡು ಮಾತಿಲ್ಲ.

ಆ ಕೆಲವು ನಿಮಿಷಗಳಲ್ಲಿ ಏನೇನು ಆಗುತ್ತದೆ ಎಂದು ಗಮನಿಸಿ. ಅಂತರಪಟ ಹಿಡಿದಿರುತ್ತಾರೆ, ಅದರ ಎರಡೂ ಬದಿಯಲ್ಲಿ ವಧೂವರರು. ಮಂಗಳಾಷ್ಟಕ ಮುಗಿಯುತ್ತಿದ್ದಂತೆ ಪಟ ಸರಿಯುತ್ತದೆ, ಇಬ್ಬರೂ ಒಬ್ಬರ ತಲೆಯ ಮೇಲೊಬ್ಬರು ಜೀರಿಗೆ ಬೆಲ್ಲ ಇಡುತ್ತಾರೆ. ಇಲ್ಲಿ ಇಬ್ಬರ ಪೂರ್ಣ ಆಕೃತಿ, ಪಟ ಹಿಡಿದವರು, ಪುರೋಹಿತರು ಎಲ್ಲರೂ ಬೇಕು. ಅಂದರೆ 24 ಅಥವಾ 28 ಮಿ.ಮೀ. ಮರುಕ್ಷಣವೇ ಮೊದಲ ಸಲ ಎದುರುಬದುರಾದ ಎರಡು ಮುಖಗಳು ಬೇಕು, ಅದಕ್ಕೆ 70. ಧಾರೆ ಎರೆಯುವಾಗ ಮೂರು ಜೊತೆ ಕೈಗಳ ಮೇಲೆ ನೀರು ಬೀಳುವುದು ಮುಖ್ಯ, ಜೊತೆಗೆ ವಧುವಿನ ತಾಯಿಯ ಕಣ್ಣು ಮುಖ್ಯ. ಗಟ್ಟಿಮೇಳ ಶುರುವಾದರೆ ನಾದಸ್ವರದವರು, ತಾಳಿಯ ಗಂಟು, ಹಿಂದೆ ನಿಂತು ದೀಪ ಹಿಡಿದ ಸೋದರಿ, ಎಲ್ಲ ಕಡೆಯಿಂದ ಹಾರಿ ಬರುವ ಅಕ್ಷತೆ ಎಲ್ಲವೂ ಒಟ್ಟಿಗೆ.

ಈ ಹೊತ್ತಿನಲ್ಲಿ ನಿಮ್ಮ ಎಡಕ್ಕೆ ವಿಡಿಯೊದವರು, ಬಲಕ್ಕೆ ಹುಡುಗನ ಸೋದರಮಾವ, ಹಿಂದೆ ಮೊಬೈಲ್ ಎತ್ತಿ ಹಿಡಿದ ಹತ್ತಾರು ಕೈಗಳು. ಎರಡು ಹೆಜ್ಜೆ ಹಿಂದೆ ಸರಿಯೋಣವೆಂದರೆ ಹೋಮಕುಂಡ ಇರಬಹುದು. 85 ಮಿ.ಮೀ. ಪ್ರೈಮ್ ಹಿಡಿದು ಇಲ್ಲಿ ಸಿಕ್ಕಿಬಿದ್ದವರಿಗೆ ಅತಿ ಚೆಂದದ ಒಂದು ಮುಖ ಸಿಗುತ್ತದೆ, ಮದುವೆ ತಪ್ಪಿಹೋಗುತ್ತದೆ. ಲೆನ್ಸ್ ಬದಲಿಸುವ ಯೋಚನೆಯಂತೂ ಬೇಡ. ಹೋಮದ ಹೊಗೆ ಮತ್ತು ಬೂದಿ, ಮೇಲೆ ತಿರುಗುವ ಫ್ಯಾನು, ಗಾಳಿಯಲ್ಲಿ ಅಕ್ಷತೆ: ಕ್ಯಾಮೆರಾದ ಬಾಯಿ ತೆರೆಯಲು ಇದಕ್ಕಿಂತ ಕೆಟ್ಟ ಜಾಗ ಸಿಗುವುದಿಲ್ಲ.

ಇನ್ನೊಂದು ಮಾತು. ಅಕ್ಷತೆ ಹಾರುವಾಗ ಶಟರ್ ವೇಗವನ್ನು (ಕ್ಯಾಮೆರಾ ಬೆಳಕಿಗೆ ತೆರೆದಿರುವ ಹೊತ್ತು, ಸೆಕೆಂಡಿನ ಭಾಗಗಳಲ್ಲಿ) 1/250ಕ್ಕಿಂತ ನಿಧಾನಕ್ಕೆ ಇಳಿಸಬೇಡಿ; ಕಾಳುಗಳು ಗಾಳಿಯಲ್ಲಿ ನಿಂತಂತೆ ಕಾಣಬೇಕಾದರೆ 1/500 ಇರಲಿ.

ಎಫ್/1.4 ಮತ್ತು ಎಫ್/2.8 ನಡುವಿನ ವ್ಯತ್ಯಾಸ ನಿಜಕ್ಕೂ ಅಷ್ಟು ದೊಡ್ಡದೇ?

ದೊಡ್ಡದು. ಎಫ್/2.8ರಿಂದ ಎಫ್/1.4ಕ್ಕೆ ಎರಡು ಸ್ಟಾಪ್, ಅಂದರೆ ನಾಲ್ಕು ಪಟ್ಟು ಬೆಳಕು. ಛತ್ರದ ಒಳಗೆ ಎಫ್/2.8 ಝೂಮಿನಲ್ಲಿ 1/200 ವೇಗಕ್ಕೆ ಐಎಸ್‌ಒ 3200 (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆಯ ಅಳತೆ; ಏರಿಸಿದಷ್ಟೂ ಚಿತ್ರ ಒರಟಾಗುತ್ತದೆ) ಬೇಕಾಯಿತು ಎಂದುಕೊಳ್ಳಿ. ಅದೇ ಬೆಳಕಿನಲ್ಲಿ, ಅದೇ ವೇಗದಲ್ಲಿ, ಎಫ್/1.4 ಪ್ರೈಮಿಗೆ ಐಎಸ್‌ಒ 800 ಸಾಕು. ಎಫ್/1.8 ಪ್ರೈಮ್ ಆದರೆ ಸುಮಾರು 1300. ಕ್ಯಾಮೆರಾದ ಜೊತೆ ಬರುವ 18-55ರಂಥ ಝೂಮಿನಲ್ಲಿ 55ಕ್ಕೆ ಹೋದಾಗ ಅಪರ್ಚರ್ ಎಫ್/5.6ಕ್ಕೆ ಇಳಿಯುತ್ತದೆ, ಅಲ್ಲಿ ಬೇಕಾಗುವುದು 12800. ಮದುಮಗಳ ರೇಷ್ಮೆ ಸೀರೆಯ ಜರಿ, ಹಣೆಯ ಬಾಸಿಂಗದ ಕುಸುರಿ, ಕೈಯ ಮದರಂಗಿ ಇವೆಲ್ಲ ಐಎಸ್‌ಒ ಏರಿದಂತೆ ಮೊದಲು ಕರಗುವ ವಿವರಗಳು.

ಆದರೆ ಹೊಸ ಪೂರ್ಣ ಚೌಕಟ್ಟಿನ (ಫುಲ್ ಫ್ರೇಮ್, ಅಂದರೆ ದೊಡ್ಡ ಸೆನ್ಸರಿನ) ಕ್ಯಾಮೆರಾಗಳು 3200ರಲ್ಲಿ ಶುದ್ಧವಾದ ಚಿತ್ರವನ್ನೇ ಕೊಡುತ್ತವೆ. ಹತ್ತು ಹದಿನೈದು ವರ್ಷದ ಹಿಂದೆ ಪ್ರೈಮ್ ಅನಿವಾರ್ಯವಾಗಿದ್ದ ಎಷ್ಟೋ ಕಡೆ ಈಗ ಎಫ್/2.8 ಝೂಮ್ ಸಾಲುತ್ತದೆ. ಎಫ್/4 ಝೂಮ್‌ಗಳ ಬಗ್ಗೆ ಮಾತ್ರ ನನಗೆ ಒಲವಿಲ್ಲ. 24-105ರಂಥವು ಹಗಲಿನ ಹೊರಾಂಗಣಕ್ಕೆ ಒಳ್ಳೆಯವು. ನಸುಕಿನ ಮುಹೂರ್ತದಲ್ಲಿ, ಹಳೆಯ ದೇವಸ್ಥಾನದ ಪ್ರಾಂಗಣದಲ್ಲಿ ಅವು ಸೋಲುತ್ತವೆ.

ಲೆನ್ಸಿನಲ್ಲಿ ಸ್ಟೆಬಿಲೈಸೇಶನ್ ಇದ್ದರೆ ಕಡಿಮೆ ಬೆಳಕಿನ ಸಮಸ್ಯೆ ಮುಗಿಯಿತಲ್ಲವೇ?

ನಿಮ್ಮ ಕೈ ನಡುಗುವುದನ್ನು ಅದು ತಡೆಯುತ್ತದೆ. ಸಪ್ತಪದಿ ತುಳಿಯುವವರ ಕಾಲನ್ನು ತಡೆಯುವುದಿಲ್ಲ.

ಪ್ರೈಮ್ ಇದ್ದರೆ ಸದಾ ಪೂರ್ತಿ ತೆರೆದೇ ತೆಗೆಯಬೇಕೇ?

ಬೇಡ. ಹೊಸಬರ ಆಲ್ಬಮ್ಮುಗಳಲ್ಲಿ ಹೆಚ್ಚು ಕಾಣುವ ತೊಂದರೆ ಇದೇ. ಪೂರ್ಣ ಚೌಕಟ್ಟಿನ ಕ್ಯಾಮೆರಾದಲ್ಲಿ 85 ಮಿ.ಮೀ. ಲೆನ್ಸನ್ನು ಎಫ್/1.4ಕ್ಕೆ ತೆರೆದು ಎರಡು ಮೀಟರ್ ದೂರದಿಂದ ತೆಗೆದರೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು ನಾಲ್ಕೂವರೆ ಸೆಂಟಿಮೀಟರ್ ಅಷ್ಟೇ. ಕಣ್ಣು ಸ್ಪಷ್ಟ, ಓಲೆ ಮಸುಕು. ಒಂಟಿ ಭಾವಚಿತ್ರಕ್ಕೆ ಅದು ಸೊಗಸು. ಆದರೆ ವಧು ಮುಂದೆ, ವರ ಅರ್ಧ ಹೆಜ್ಜೆ ಹಿಂದೆ ನಿಂತಿದ್ದರೆ ಅವನ ಮುಖ ಕಳೆದುಹೋಗುತ್ತದೆ, ಮತ್ತು ಅವನ ಮನೆಯವರು ಅದನ್ನು ಖಂಡಿತ ಕೇಳುತ್ತಾರೆ. ಇಬ್ಬರಿದ್ದರೆ ಎಫ್/2.8, ನಾಲ್ಕೈದು ಜನರಿದ್ದರೆ ಎಫ್/4, ಎರಡು ಮೂರು ಸಾಲಿನ ಗುಂಪಿಗೆ ಎಫ್/5.6ರಿಂದ ಎಫ್/8. ಕಣ್ಣನ್ನು ತಾನೇ ಹುಡುಕಿ ಫೋಕಸ್ ಮಾಡುವ ಮಿರರ್‌ಲೆಸ್ ಕ್ಯಾಮೆರಾಗಳು ಬಂದ ಮೇಲೆ ಎಫ್/1.4 ಬಳಸುವುದು ಬಹಳ ಸುಲಭವಾಗಿದೆ; ಹಾಗಿದ್ದರೂ ಆಳದ ಲೆಕ್ಕ ಬದಲಾಗಿಲ್ಲ.

ಫ್ಲ್ಯಾಶ್ ಇದ್ದ ಮೇಲೆ ಪ್ರೈಮ್ ಏಕೆ ಬೇಕು?

ಫ್ಲ್ಯಾಶನ್ನು ಬಿಳಿ ಸೂರಿಗೆ ಹಾಯಿಸಿ ತೆಗೆದ ಚಿತ್ರ ಮೃದುವಾಗಿರುತ್ತದೆ. ಆದರೆ ದೊಡ್ಡ ಕಲ್ಯಾಣ ಮಂಟಪಗಳ ಸೂರು ಬಹಳ ಎತ್ತರ. ಶಾಮಿಯಾನದ ಕೆಳಗಾದರೆ ಕೆಂಪು, ಹಳದಿ ಬಟ್ಟೆಯ ಬಣ್ಣವೇ ಮುಖಕ್ಕೆ ಬಡಿಯುತ್ತದೆ. ಆಗ ಇರುವ ಬೆಳಕನ್ನೇ ನಂಬಬೇಕು, ಪ್ರೈಮ್ ಕೈಹಿಡಿಯುತ್ತದೆ. ಫ್ಲ್ಯಾಶ್ ಬಳಸಿದರೂ ಲಾಭವಿದೆ: ಎಫ್/2.8ಕ್ಕೆ ಬೇಕಾದ ಫ್ಲ್ಯಾಶ್ ಶಕ್ತಿಯ ಅರ್ಧಕ್ಕಿಂತ ಕಡಿಮೆ ಎಫ್/1.8ಕ್ಕೆ ಸಾಕು. ಬ್ಯಾಟರಿ ಹೆಚ್ಚು ಹೊತ್ತು ಬರುತ್ತದೆ, ಮುಂದಿನ ಮಿಂಚಿಗೆ ಕಾಯುವ ಸಮಯ ಕಡಿಮೆಯಾಗುತ್ತದೆ.

ಬೆಳಕಿನ ಮಾತು ಬಂದಾಗ ಎಲ್‌ಇಡಿ ದೀಪಗಳನ್ನು ಮರೆಯುವಂತಿಲ್ಲ. ನಮ್ಮ ವಿದ್ಯುತ್ 50 ಹರ್ಟ್ಸ್. ಅಗ್ಗದ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ ವೇಗ ಅದಕ್ಕೆ ಹೊಂದದಿದ್ದರೆ ಚಿತ್ರದಲ್ಲಿ ಅಡ್ಡ ಪಟ್ಟಿಗಳು ಮೂಡುತ್ತವೆ, ಅದರಲ್ಲೂ ಎಲೆಕ್ಟ್ರಾನಿಕ್ ಶಟರ್‌ನಲ್ಲಿ. ಅಂಥ ಕಡೆ ಮೆಕ್ಯಾನಿಕಲ್ ಶಟರ್ ಬಳಸಿ, ಆದಷ್ಟೂ 1/100ಕ್ಕೆ ಇಳಿಯಿರಿ. ಇದು ಪ್ರೈಮ್, ಝೂಮ್ ಎರಡಕ್ಕೂ ಒಂದೇ.

ಆರತಕ್ಷತೆಯ ಗ್ರೂಪ್ ಫೋಟೊಗಳನ್ನು ಪ್ರೈಮಿನಲ್ಲಿ ತೆಗೆಯಬಹುದೇ?

ಲೆಕ್ಕ ಹಾಕಿ ನೋಡೋಣ. ಹನ್ನೆರಡು ಹದಿಮೂರು ಜನ ಒಂದೇ ಸಾಲಿನಲ್ಲಿ ನಿಂತರೆ ಅಗಲ ಹೆಚ್ಚುಕಡಿಮೆ 6 ಮೀಟರ್. ಪೂರ್ಣ ಚೌಕಟ್ಟಿನ ಕ್ಯಾಮೆರಾದಲ್ಲಿ ಅಷ್ಟನ್ನು ಹಿಡಿಯಲು 24 ಮಿ.ಮೀ.ಗೆ 4 ಮೀಟರ್ ದೂರ ಬೇಕು, 35 ಮಿ.ಮೀ.ಗೆ ಸುಮಾರು 6 ಮೀಟರ್, 50 ಮಿ.ಮೀ.ಗೆ 8 ಮೀಟರಿಗೂ ಹೆಚ್ಚು. ವೇದಿಕೆಯ ಎದುರು ಎಷ್ಟು ದೂರಕ್ಕೆ ಮೊದಲ ಸಾಲಿನ ಕುರ್ಚಿ ಇದೆ ಎಂದು ನೋಡಿದರೆ ಉತ್ತರ ಅಲ್ಲೇ ಸಿಗುತ್ತದೆ. ಅದಲ್ಲದೆ ಒಮ್ಮೆ ಇಬ್ಬರು ಬರುತ್ತಾರೆ, ಮರುಗಳಿಗೆ ಕಚೇರಿಯ ಇಪ್ಪತ್ತು ಜನ. ಸರದಿ ನಿಂತ ಅತಿಥಿಗಳನ್ನು ಕಾಯಿಸಿ ನೀವು ಹಿಂದೆ ಮುಂದೆ ಓಡುವುದು ಸಭ್ಯವೂ ಅಲ್ಲ. 24-70 ಹಾಕಿ, ಎಫ್/5.6ಕ್ಕೆ ಇಟ್ಟು, ನಿಂತಲ್ಲೇ ನಿಲ್ಲಿ.

ಒಂದು ಎಚ್ಚರಿಕೆ: 24ಕ್ಕೆ ಹೋದಾಗ ಅಂಚಿನಲ್ಲಿ ನಿಂತವರ ಮುಖ, ಮೈ ಹಿಗ್ಗಿದಂತೆ ಕಾಣುತ್ತದೆ. ಅಜ್ಜ ಅಜ್ಜಿಯನ್ನು ಅಂಚಿಗೆ ನಿಲ್ಲಿಸದೆ ನಡುವೆ ಕೂರಿಸಿ. ಗೌರವವೂ ಆಯಿತು, ಚಿತ್ರವೂ ಚೆನ್ನಾಯಿತು. ಜಾಗ ಇದ್ದರೆ 28 ಅಥವಾ 35ರಲ್ಲೇ ನಿಲ್ಲಿಸಿ.

35 ಮಿ.ಮೀ. ಪ್ರೈಮಿನಲ್ಲಿ ತೆಗೆದು ಆಮೇಲೆ ಕತ್ತರಿಸಿಕೊಂಡರೆ ಝೂಮ್ ಏಕೆ ಬೇಕು?

ಸ್ವಲ್ಪ ಕತ್ತರಿಸಲು ಅಡ್ಡಿಯಿಲ್ಲ. ಆದರೆ 24 ಮೆಗಾಪಿಕ್ಸೆಲ್ ಚಿತ್ರವನ್ನು 35ರಿಂದ 50ರ ನೋಟಕ್ಕೆ ಕತ್ತರಿಸಿದರೆ ಉಳಿಯುವುದು 12 ಮೆಗಾಪಿಕ್ಸೆಲ್ಲಿಗಿಂತ ಒಂದಿಷ್ಟು ಕಡಿಮೆ. 85ರ ನೋಟಕ್ಕೆ ಕತ್ತರಿಸಿದರೆ ನಾಲ್ಕೇ ನಾಲ್ಕು. ನಮ್ಮಲ್ಲಿ 12x36 ಇಂಚಿನ ಹಾಳೆಯ ಆಲ್ಬಮ್ಮುಗಳಿಗೆ ಬೇಡಿಕೆ ಹೆಚ್ಚು. ಪೂರ್ತಿ 24 ಮೆಗಾಪಿಕ್ಸೆಲ್ ಚಿತ್ರದಲ್ಲಿ ಅಗಲಕ್ಕೆ 6000 ಪಿಕ್ಸೆಲ್ ಇರುತ್ತದೆ. ಅದನ್ನು 36 ಇಂಚಿಗೆ ಹರಡಿದರೆ ಇಂಚಿಗೆ 170ಕ್ಕೂ ಕಡಿಮೆ. ಕತ್ತರಿಸಿದ ಚಿತ್ರವನ್ನು ಅಷ್ಟು ಅಗಲಕ್ಕೆ ಎಳೆದರೆ ಜರಿಯಂಚು ಒಡೆದು ಕಾಣುತ್ತದೆ. ಹಾಳೆಯ ಮಡಿಕೆ ನಡುವೆ ಬರುವುದರಿಂದ ಮುಖ್ಯ ಮುಖವನ್ನು ಚೌಕಟ್ಟಿನ ನಟ್ಟನಡುವೆ ಇಡದಿರುವುದೂ ಒಳ್ಳೆಯದು.

ಪ್ರೈಮ್ ನಿಜವಾಗಿ ಬೆಳಗುವುದು ಎಲ್ಲಿ?

ವಧು ಸಿಂಗರಿಸಿಕೊಳ್ಳುವ ಕೋಣೆಯಲ್ಲಿ. ಛತ್ರದ ಆ ಕೋಣೆ ಸಾಮಾನ್ಯವಾಗಿ ಚಿಕ್ಕದು, ಒಂದು ಕಿಟಕಿ, ಒಂದು ಟ್ಯೂಬ್‌ಲೈಟ್, ಮಂಚದ ತುಂಬ ಸೀರೆಗಳು. ಟ್ಯೂಬ್‌ಲೈಟ್ ಆರಿಸಿ, ವಧುವನ್ನು ಕಿಟಕಿಯ ಪಕ್ಕಕ್ಕೆ ಕೂರಿಸಿಕೊಂಡು 35 ಎಫ್/1.8 ಅಥವಾ 50 ಎಫ್/1.8 ಹಿಡಿಯಿರಿ. ಜಡೆಗೆ ಹೂವು ಮುಡಿಸುವ ಕೈಗಳು, ಕನ್ನಡಿಯಲ್ಲಿ ಕಾಣುವ ಅಮ್ಮನ ಮುಖ, ಬಾಗಿಲ ಸಂದಿಯಿಂದ ಇಣುಕುವ ಮಗು: ಯಾವುದಕ್ಕೂ ಅವಸರವಿಲ್ಲ, ನೀವು ಒಂದು ಹೆಜ್ಜೆ ಸರಿದು ಚೌಕಟ್ಟು ತಿದ್ದಿಕೊಳ್ಳಬಹುದು. ಪುಟ್ಟ ಲೆನ್ಸನ್ನು ಕಂಡವರು ಬೆದರುವುದೂ ಕಡಿಮೆ. ಒಂದು ಕಿಲೋ ತೂಕದ ಝೂಮ್ ಮುಖಕ್ಕೆ ಗುರಿಯಿಟ್ಟಾಗ ಹಳ್ಳಿಯ ಅಜ್ಜಿ ನಗುವುದನ್ನು ನಿಲ್ಲಿಸಿ ನೆಟ್ಟಗೆ ಕೂರುತ್ತಾರೆ. 50ರ ಮುಂದೆ ಅವರ ಸೋಬಾನೆ ಪದ ನಿಲ್ಲುವುದಿಲ್ಲ. ನಾನು ಪ್ರೈಮನ್ನು ಪ್ರೀತಿಸುವುದಕ್ಕೆ ಬೆಳಕಿಗಿಂತ ಇದೇ ದೊಡ್ಡ ಕಾರಣ.

ಅರಿಶಿನ ಶಾಸ್ತ್ರವೂ ಪ್ರೈಮಿನ ಜಾಗವೇ, ಅಂಗಳದಲ್ಲಿ ನಡೆದರೆ ಇನ್ನೂ ಚೆಂದ. ಎಣ್ಣೆ, ಅರಿಶಿನ, ನೀರು ಎರಚುವ ಸಂಭ್ರಮ ಇರುವುದರಿಂದ ಮುಂದೆ ಫಿಲ್ಟರ್ ಹಾಕಿ, ಹುಡ್ ಬಿಗಿಯಿರಿ. ಉದ್ದಕ್ಕೆ ಹೊರಚಾಚುವ ಝೂಮಿನ ಕೊಳವೆಗೆ ಅಂಟಿದ ಅರಿಶಿನ ಒಳಕ್ಕೂ ಹೋಗುತ್ತದೆ. ಪ್ರೈಮಿಗೆ ಆ ಅಪಾಯ ಕಡಿಮೆ. ಅರುಂಧತಿ ದರ್ಶನಕ್ಕೆ ಹೊರಗೆ ಬಂದಾಗ, ಸಂಜೆ ಜೋಡಿಯ ಚಿತ್ರಗಳಿಗೆ, 85 ಇರಲಿ.

70-200 ಎಫ್/2.8 ಅನಿವಾರ್ಯವೇ?

ಮೊದಲ ವರ್ಷ ಅಲ್ಲ. ದೊಡ್ಡ ಮಂಟಪಗಳಲ್ಲಿ ಕೆಲಸ ಶುರುವಾದ ಮೇಲೆ, ಹೌದು. ಇದಕ್ಕೆ ತಾಂತ್ರಿಕತೆಗಿಂತ ಮುಖ್ಯವಾದ ಕಾರಣವಿದೆ. ಕರೆಯೋಲೆ ಹಿಡಿದು ದೂರದ ಊರುಗಳಿಂದ ಬಂದವರು ತಾಳಿ ಕಟ್ಟುವುದನ್ನು ನೋಡಲು ಕುಳಿತಿರುತ್ತಾರೆ. ಅವರಿಗೆ ಕಾಣುವುದು ಫೋಟೊ, ವಿಡಿಯೊದವರ ಬೆನ್ನು. 70-200 ಇದ್ದರೆ ನಿಮ್ಮ ತಂಡದ ಒಬ್ಬರಾದರೂ ವೇದಿಕೆಯಿಂದ ಕೆಳಗಿಳಿದು, ಬದಿಯಲ್ಲಿ ನಿಂತು ಕೆಲಸ ಮಾಡಬಹುದು. ಕಣ್ಣೀರು ಒರೆಸಿಕೊಳ್ಳುವ ತಂದೆ, ಊಟದ ಪಂಕ್ತಿಯಲ್ಲಿ ಹೋಳಿಗೆ ಬಡಿಸುವವರ ಉತ್ಸಾಹ, ಇವೆಲ್ಲ ದೂರದಿಂದಲೇ ಸಹಜವಾಗಿ ಸಿಗುತ್ತವೆ. ತೂಕ ಮಾತ್ರ ನೆನಪಿರಲಿ: ಸೋನಿಯ ಎರಡನೆಯ ಆವೃತ್ತಿ, ಕ್ಯಾನನ್‌ನ ಆರ್‌ಎಫ್ ಆವೃತ್ತಿ ಎರಡೂ ಸುಮಾರು ಒಂದು ಕಿಲೋ, ಹಳೆಯ ಡಿಎಸ್‌ಎಲ್‌ಆರ್ ಕಾಲದವು ಒಂದೂವರೆ ಕಿಲೋ ಹತ್ತಿರ.

ಎಲ್ಲ ಮದುವೆಗಳೂ ಹೋಮಕುಂಡದ ಸುತ್ತ ನಡೆಯುವುದಿಲ್ಲವಲ್ಲ?

ನಿಜ, ಲೆನ್ಸಿನ ಆಯ್ಕೆಯೂ ಅದಕ್ಕೆ ತಕ್ಕಂತೆ ಬದಲಾಗುತ್ತದೆ. ಕೊಡವರ ಮದುವೆಯಲ್ಲಿ ಪುರೋಹಿತರೂ ಇಲ್ಲ, ಹೋಮವೂ ಇಲ್ಲ. ಬಾಳೆ ಕಡಿಯುವುದು, ನೀರು ಹೊತ್ತ ವಧುವಿನ ದಾರಿಗೆ ಅಡ್ಡವಾಗಿ ಬಂಧುಗಳು ವಾಲಗಕ್ಕೆ ಕುಣಿಯುವುದು ಬಯಲಿನಲ್ಲಿ ನಡೆಯುತ್ತವೆ. ಜಾಗವೂ ಇದೆ, ಚಲನೆಯೂ ಇದೆ. 70-200 ಮತ್ತು 35ರ ಜೋಡಿ ಅಲ್ಲಿ ಹೊಂದುತ್ತದೆ. ಕತ್ತಿ ಬೀಸುವವರಿಂದ ದೂರ ನಿಲ್ಲುವುದು ಕ್ಷೇಮವೂ ಹೌದು. ಚರ್ಚಿನ ಮದುವೆಯಲ್ಲಿ ಪೂಜೆಯ ವೇಳೆ ಫ್ಲ್ಯಾಶ್ ಬಳಸಬಹುದೇ, ಬಲಿಪೀಠದ ಹತ್ತಿರ ಹೋಗಬಹುದೇ ಎಂದು ಧರ್ಮಗುರುಗಳನ್ನು ಮೊದಲೇ ಕೇಳಿ. ಎರಡಕ್ಕೂ ‘ಬೇಡ’ ಎಂದರೆ ಎಫ್/2.8ರ ಉದ್ದ ಝೂಮ್ ಒಂದು, ಎಫ್/1.8 ಪ್ರೈಮ್ ಒಂದು ಬೇಕೇ ಬೇಕು. ನಿಕಾಹ್‌ನಲ್ಲಿ ವಧು ಮತ್ತು ವರ ಹಲವೆಡೆ ಬೇರೆ ಬೇರೆ ಕಡೆ ಕುಳಿತಿರುತ್ತಾರೆ; ಒಬ್ಬರೇ ಎರಡೂ ಕಡೆ ಓಡುವುದು ಆಗದು. ಹೆಂಗಸರ ಕಡೆಗೆ ಮಹಿಳಾ ಛಾಯಾಗ್ರಾಹಕರಿದ್ದರೆ ಎಲ್ಲರಿಗೂ ನೆಮ್ಮದಿ, ಆ ಕೋಣೆಗೆ 35 ಅಥವಾ 50 ಸಾಕು.

ನನ್ನದು ಎಪಿಎಸ್-ಸಿ (ಪೂರ್ಣ ಚೌಕಟ್ಟಿಗಿಂತ ಚಿಕ್ಕ ಸೆನ್ಸರಿನ) ಕ್ಯಾಮೆರಾ. ಈ ಸಂಖ್ಯೆಗಳು ನನಗೂ ಅನ್ವಯಿಸುತ್ತವೆಯೇ?

ನಾಭಿದೂರವನ್ನು ನಿಕಾನ್, ಸೋನಿಗಳಲ್ಲಿ 1.5ರಿಂದ, ಕ್ಯಾನನ್‌ನಲ್ಲಿ 1.6ರಿಂದ ಗುಣಿಸಿ. ನಿಮ್ಮ 50 ಮಿ.ಮೀ. ಲೆನ್ಸ್ 75 ಅಥವಾ 80ರಂತೆ ನೋಡುತ್ತದೆ: ಭಾವಚಿತ್ರಕ್ಕೆ ಸೊಗಸು, ಕೋಣೆಯೊಳಗೆ ಇಕ್ಕಟ್ಟು. 24-70 ಹಾಕಿದರೆ ಅಗಲ ಸಾಲದು. 17-50 ಅಥವಾ 17-70ರ ಎಫ್/2.8 ಝೂಮ್ ನಿಮ್ಮ ಮುಖ್ಯ ಲೆನ್ಸ್ ಆಗಲಿ. ಸಿಗ್ಮಾ 2013ರಲ್ಲಿ ತಂದ 18-35 ಎಫ್/1.8 ಇಂದಿಗೂ ಈ ಕ್ಯಾಮೆರಾಗಳಿಗೆ ಒಳ್ಳೆಯ ಉತ್ತರ. ಝೂಮಿನ ಅನುಕೂಲ, ಪ್ರೈಮಿನ ಬೆಳಕು.

ಈಗ ಎಫ್/2 ಝೂಮ್‌ಗಳೇ ಬಂದಿವೆ. ಇನ್ನು ಪ್ರೈಮ್ ಬೇಕೇ?

ಕ್ಯಾನನ್ 2018ರಲ್ಲಿ 28-70 ಎಫ್/2 ತಂದಿತು. ತೂಕ 1430 ಗ್ರಾಂ. ಸೋನಿಯ 28-70 ಎಫ್/2 ಬಂದದ್ದು 2024ರಲ್ಲಿ, 918 ಗ್ರಾಂ. ಟ್ಯಾಮ್ರಾನ್‌ನ 35-150 ಎಫ್/2-2.8, ಸಿಗ್ಮಾದ 28-45 ಎಫ್/1.8 ಕೂಡ ಇವೆ. ಇವು ಮದುವೆಯವರಿಗೆಂದೇ ಮಾಡಿದಂತಿವೆ, ನನಗೆ ಮೆಚ್ಚುಗೆಯಿದೆ. ಆದರೂ ಬೆಲೆ ದೊಡ್ಡದು. ಬೆಳಗಿನ ನಾಂದಿಯಿಂದ ರಾತ್ರಿಯ ಆರತಕ್ಷತೆಯವರೆಗೆ ಆ ತೂಕ ಹೊತ್ತ ಮಣಿಕಟ್ಟು ಸಂಜೆಗೆ ಸೋಲುತ್ತದೆ. ವರ್ಷಕ್ಕೆ ಹತ್ತಾರು ಮದುವೆ ಮಾಡುವವರು ಯೋಚಿಸಬಹುದು.

ಒಂದೇ ಕ್ಯಾಮೆರಾ ಇರುವವರು ಏನು ಮಾಡಬೇಕು?

ಎರಡನೆಯ ದೊಡ್ಡ ಲೆನ್ಸಿಗಿಂತ ಮೊದಲು ಎರಡನೆಯ ಕ್ಯಾಮೆರಾ ಕೊಳ್ಳಿ, ಹಳೆಯದಾದರೂ ಸರಿ. ಮುಹೂರ್ತದ ಹೊತ್ತಿಗೆ ಕ್ಯಾಮೆರಾ ಕೈಕೊಟ್ಟರೆ ಯಾವ ಲೆನ್ಸೂ ಕಾಪಾಡುವುದಿಲ್ಲ. ಎರಡಿದ್ದರೆ ಒಂದಕ್ಕೆ 24-70, ಇನ್ನೊಂದಕ್ಕೆ 85 ಎಫ್/1.8 ಹಾಕಿ ಎರಡೂ ಹೆಗಲಿಗೆ ತೂಗುಹಾಕಿಕೊಳ್ಳಿ. ಪ್ರೈಮ್ ಮೆಚ್ಚುವವರು ಇದೇ ಬಗೆಯಲ್ಲಿ 35 ಮತ್ತು 85ರಲ್ಲಿ ಮದುವೆಯ ಬಹುಪಾಲು ಮುಗಿಸುತ್ತಾರೆ. ಎರಡೂ ಕ್ಯಾಮೆರಾಗಳ ಗಡಿಯಾರ ಒಂದೇ ಸಮಯ ತೋರಿಸುವಂತೆ ಹಿಂದಿನ ರಾತ್ರಿ ಹೊಂದಿಸಿ, ಇಲ್ಲದಿದ್ದರೆ ಚಿತ್ರಗಳ ಕ್ರಮ ಕಲಸಿಹೋಗುತ್ತದೆ.

ಹಣ ಕಡಿಮೆ ಇದೆ. ಯಾವ ಕ್ರಮದಲ್ಲಿ ಕೊಳ್ಳಲಿ?

ಮೊದಲು 50 ಎಫ್/1.8. ಕ್ಯಾನನ್‌ನದು ಕೇವಲ 160 ಗ್ರಾಂ ತೂಗುತ್ತದೆ, ಹೆಚ್ಚಿನ ಕಂಪನಿಗಳಲ್ಲಿ ಈ ಲೆನ್ಸ್ ಅಗ್ಗದವುಗಳ ಸಾಲಿಗೆ ಸೇರುತ್ತದೆ, ಬೆಳಕನ್ನು ನೋಡಲು ಕಲಿಸುತ್ತದೆ. ಆಮೇಲೆ ಎಫ್/2.8ರ ಸಾಧಾರಣ ಝೂಮ್. ಕ್ಯಾಮೆರಾ ಕಂಪನಿಯದ್ದೇ ಉನ್ನತ ದರ್ಜೆಯದು ಬೇಕೆಂದರೆ ಲಕ್ಷ ರೂಪಾಯಿ ದಾಟುತ್ತದೆ. ಟ್ಯಾಮ್ರಾನ್ 28-75, ಸಿಗ್ಮಾ 24-70 ಅಥವಾ 28-70 ಅದಕ್ಕಿಂತ ಬಹಳ ಕಡಿಮೆಗೆ ಸಿಗುತ್ತವೆ, ಆಲ್ಬಮ್ಮಿನಲ್ಲಿ ವ್ಯತ್ಯಾಸ ಗುರುತಿಸುವುದು ಕಷ್ಟ. ಮೂರನೆಯದು 85 ಎಫ್/1.8. 70-200 ಬೇಕಾದಾಗ ಬಾಡಿಗೆಗೆ ತನ್ನಿ. ಬೆಂಗಳೂರಿನಲ್ಲಿ ದಿನದ ಲೆಕ್ಕದಲ್ಲಿ ಕೊಡುವ ಅಂಗಡಿಗಳಿವೆ. ಮದುವೆಯ ಹಂಗಾಮಿನಲ್ಲಿ ಕೊನೆಯ ಗಳಿಗೆಗೆ ಸಿಗುವುದು ಕಷ್ಟ, ಆದ್ದರಿಂದ ಮೊದಲೇ ಕಾದಿರಿಸಿ. ತಂದ ದಿನವೇ ನಿಮ್ಮ ಕ್ಯಾಮೆರಾಗೆ ಹಾಕಿ, ಪೂರ್ತಿ ತೆರೆದು, ನಾಲ್ಕು ಚಿತ್ರ ತೆಗೆದು ಫೋಕಸ್ ಪರೀಕ್ಷಿಸಿ.

ಬಳಸಿದ ಲೆನ್ಸ್ ಕೊಳ್ಳುವಾಗ ಏನು ನೋಡಬೇಕು?

ಮೊಬೈಲಿನ ಟಾರ್ಚನ್ನು ಒಂದು ಬದಿಯಿಂದ ಬಿಟ್ಟು ಇನ್ನೊಂದು ಬದಿಯಿಂದ ನೋಡಿ. ಜೇಡರ ಬಲೆಯಂಥ ಎಳೆಗಳು ಕಂಡರೆ ಅದು ಬೂಷ್ಟು. ಎಷ್ಟೇ ಅಗ್ಗವಾದರೂ ಬೇಡ. ಒಂದೆರಡು ಧೂಳಿನ ಕಣಕ್ಕೆ ಹೆದರಬೇಕಿಲ್ಲ. ಝೂಮ್ ಆದರೆ ಉಂಗುರ ಎಲ್ಲ ಕಡೆಯೂ ಒಂದೇ ಬಿಗಿಯಲ್ಲಿ ತಿರುಗುತ್ತದೆಯೇ, ಕೆಳಮುಖ ಹಿಡಿದಾಗ ತಾನೇ ಜಾರುತ್ತದೆಯೇ ನೋಡಿ. ಎಲ್ಲ ನಾಭಿದೂರಗಳಲ್ಲೂ ಎರಡೂ ಅಂಚು ಒಂದೇ ಸಮ ಸ್ಪಷ್ಟವಾಗಿವೆಯೇ ಎಂದು ಗೋಡೆಯ ಚಿತ್ರ ತೆಗೆದು ತಿಳಿಯಬಹುದು. ಝೂಮಿನಲ್ಲಿ ಚಲಿಸುವ ಭಾಗಗಳು ಹೆಚ್ಚು, ಸವೆತವೂ ಹೆಚ್ಚು. ಬಳಸಿದ್ದನ್ನು ಕೊಳ್ಳುವುದಾದರೆ ಪ್ರೈಮ್ ಹೆಚ್ಚು ಸುರಕ್ಷಿತ.

ಕರಾವಳಿ, ಮಲೆನಾಡಿನವರಿಗೆ ಇನ್ನೊಂದು ಮಾತು. ಮಳೆಗಾಲದ ತೇವದಲ್ಲಿ ಲೆನ್ಸನ್ನು ಬಟ್ಟೆಯ ಚೀಲದಲ್ಲಿ ತಿಂಗಳುಗಟ್ಟಲೆ ಇಟ್ಟರೆ ಬೂಷ್ಟು ಬಂದೇ ಬರುತ್ತದೆ. ಆಷಾಢದಲ್ಲಿ ಮದುವೆಗಳಿಲ್ಲವೆಂದು ಲೆನ್ಸನ್ನು ಮೂಲೆಗೆ ಸೇರಿಸುವ ಕಾಲವೂ ಅದೇ. ಗಾಳಿಯಾಡದ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ, ತೇವಾಂಶ ಮಾಪಕ ಇಟ್ಟು 40ರಿಂದ 50 ಪ್ರತಿಶತದೊಳಗೆ ಕಾಯ್ದುಕೊಳ್ಳಿ. ವಾರಕ್ಕೊಮ್ಮೆ ಹೊರತೆಗೆದು ಬೆಳಕಿಗೆ ಹಿಡಿಯಿರಿ.

ಲೆನ್ಸ್ ನಿರ್ಧರಿಸುವ ಮೊದಲು ಮನೆಯವರನ್ನು ಏನು ಕೇಳಬೇಕು?

ಮುಹೂರ್ತ ಎಷ್ಟು ಗಂಟೆಗೆ? ಧಾರೆ ಮಂಟಪ ಒಳಗೋ, ಹೊರಗೋ? ವೇದಿಕೆಯ ಮೇಲೆ ಎಷ್ಟು ಜನ ನಿಲ್ಲುತ್ತಾರೆ, ವಿಡಿಯೊದವರು ಎಲ್ಲಿ ನಿಲ್ಲುತ್ತಾರೆ, ಯಾವ ಶಾಸ್ತ್ರಗಳನ್ನು ಮಾಡುತ್ತಾರೆ, ಯಾವುದನ್ನು ಬಿಡುತ್ತಾರೆ? ಚಿತ್ರದಲ್ಲಿ ತಪ್ಪದೆ ಇರಬೇಕಾದ ಹಿರಿಯರು ಯಾರು, ಅವರಿಗೆ ನಡೆಯಲು ಕಷ್ಟವೇ? ಸಾಧ್ಯವಾದರೆ ಹಿಂದಿನ ದಿನ ಅದೇ ಹೊತ್ತಿಗೆ ಛತ್ರಕ್ಕೆ ಹೋಗಿ, ದೀಪ ಹಾಕಿಸಿ, ವೇದಿಕೆಯ ಅಗಲವನ್ನು ಹೆಜ್ಜೆಯಲ್ಲಿ ಅಳೆಯಿರಿ. ಪುರೋಹಿತರ ಹತ್ತಿರವೂ ಎರಡು ಮಾತಾಡಿ. ಜೀರಿಗೆ ಬೆಲ್ಲ ಇಡುವ ಮುಂಚೆ ಒಂದು ಸನ್ನೆ ಮಾಡಿ ಎಂದು ಕೇಳಿಕೊಂಡರೆ ಹೆಚ್ಚಿನವರು ಸಂತೋಷದಿಂದ ಒಪ್ಪುತ್ತಾರೆ.